ಗಂಗೆಯ ಕೈಯಲ್ಲಿ ಹುಟ್ಟು



ಮೊನ್ನೆ ರೋಮ್ ನಗರದ ಒಂದು ಕಾರಂಜಿಯ ಫೋಟೋ ಹಾಕಿ "ಇದರಲ್ಲಿ ಗಂಗೆ ಯಾರು, ಗುರುತು ಹಿಡೀರಿ" ಅಂತ ಕೇಳಿದ್ದೆ. ಸುಮಾರು ಜನ ಹೆಣ್ಣಿನ ಮೂರ್ತಿ ಹುಡುಕಿದ್ರಿ. ಆ ನಾಲ್ಕು ನದಿಗಳಲ್ಲಿ ಹೆಣ್ಣೇ ಇಲ್ಲ. ಉದ್ದನೆಯ ಹುಟ್ಟು ಹಿಡಿದು ಬಂಡೆಯ ಮೇಲೆ ಕೂತಿರುವ ಗಡ್ಡದ ಗಂಡಸು ಇದ್ದಾನಲ್ಲ, ಅವನೇ ಗಂಗೆ. "ಪೂರ್ತಿ ಕಥೆ ಬರೀರಿ ಅಣ್ಣ" ಅಂತ ಕೆಲವರು ಹೇಳಿದ್ದಕ್ಕೆ ಇದನ್ನು ಬರೀತಿದ್ದೇನೆ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ನಾನು ರೋಮಿಗೆ ಹೋಗಿದ್ದು ಪ್ರವಾಸದ ಶೋಕಿಗಲ್ಲ. ನಮ್ಮ ಅಕ್ಕನ ಮಗಳು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಇಟಲಿಗೆ ಹೋಗಿ ಎಂಎಸ್ಸಿ ಮುಗಿಸಿದಳು. ಅವಳ ಪದವಿ ಸಮಾರಂಭಕ್ಕೆ ಮನೆಯಿಂದ ಒಬ್ಬರಾದರೂ ಹೋಗಲೇಬೇಕು ಅಂತ ಅಕ್ಕ ಹಠ ಹಿಡಿದಳು. ಗಳಿಕೆ ರಜೆ ಬಾಕಿ ಇತ್ತು, ಸೊಸೈಟಿ ಸಾಲ ಸಿಕ್ತು, ಹೊರಟೆ. ಸಮಾರಂಭ ಮುಗಿದ ಮೇಲೆ ಇಬ್ಬರೂ ಮೂರು ದಿನ ರೋಮ್ ಸುತ್ತಿದ್ವಿ.

ಕಾರಂಜಿ ಇರುವ ಚೌಕದ ಹೆಸರು ಪಿಯಾತ್ಸ ನವೋನ. ಅಗಲ ಕಡಿಮೆ, ಉದ್ದ ಜಾಸ್ತಿ, ಒಂದು ತುದಿ ದುಂಡಗೆ. ಯಾಕಂದ್ರೆ ಇದು ಕ್ರಿ.ಶ. 86ರಲ್ಲಿ ಚಕ್ರವರ್ತಿ ಡೊಮಿಷಿಯನ್ ಕಟ್ಟಿಸಿದ ಕ್ರೀಡಾಂಗಣದ ಜಾಗ. ಆಗ ಜನ ಕೂರುತ್ತಿದ್ದ ಮೆಟ್ಟಿಲುಗಳ ಪಾಯದ ಮೇಲೇ ಈಗಿನ ಮನೆಗಳು ನಿಂತಿವೆ. ಚೌಕದಲ್ಲಿ ಮೂರು ಕಾರಂಜಿಗಳಿವೆ. ನಡುವಿನದು 'ನಾಲ್ಕು ನದಿಗಳ ಕಾರಂಜಿ'. 1648ರಲ್ಲಿ ಕೆಲಸ ಶುರುವಾಗಿ 1651ರ ಜೂನ್ ತಿಂಗಳಲ್ಲಿ ಉದ್ಘಾಟನೆ ಆಯ್ತು. ಕಟ್ಟಿಸಿದವರು ಪೋಪ್ ಹತ್ತನೇ ಇನೊಸೆಂಟ್. ವಿನ್ಯಾಸ ಬರ್ನಿನಿ ಎಂಬ ಮಹಾಶಿಲ್ಪಿಯದು.

ಆ ಕಾಲದ ಶೈಲಿಗೆ ಬರೋಕ್ ಅಂತ ಹೆಸರು. ಕಲ್ಲು ಕಲ್ಲಿನ ಹಾಗೆ ಸುಮ್ಮನೆ ನಿಲ್ಲಬಾರದು, ಮೈ ತಿರುಚಬೇಕು, ಬಟ್ಟೆ ಗಾಳಿಗೆ ಹಾರಬೇಕು, ನೋಡಿದವರು ಬಾಯಿ ಬಿಟ್ಟು ನಿಲ್ಲಬೇಕು. ಇಲ್ಲಿ ಹಾಗೇ ಆಗಿದೆ. ನಡುವೆ ಒರಟು ಸುಣ್ಣಕಲ್ಲಿನ ಗುಡ್ಡ. ಆ ಗುಡ್ಡವನ್ನು ಒಳಗಿನಿಂದ ಕೊರೆದು ಟೊಳ್ಳು ಮಾಡಿದ್ದಾರೆ, ಈ ಕಡೆಯಿಂದ ಆ ಕಡೆ ಕಾಣುತ್ತದೆ. ಟೊಳ್ಳಿನ ಮೇಲೆ ಭಾರೀ ಕಲ್ಲುಕಂಬ, ಇನ್ನೇನು ಕುಸಿಯುತ್ತೆ ಅನ್ನಿಸಬೇಕು, ಆದರೆ ಕುಸಿಯಲ್ಲ. ನೀರು ಕುಡಿಯಲು ಬಗ್ಗಿದ ಸಿಂಹ, ಓಡಿ ಬರುವ ಕುದುರೆ, ಗಾಳಿಗೆ ವಾಲಿದ ತಾಳೆಮರ. ನಾಲ್ಕು ಮೂಲೆಗೆ ನಾಲ್ಕು ನದಿ. ಚೆನ್ನಾಗಿದೆ ಅಂತ ಹೇಳೋಕೆ ನನಗೇನೂ ಸಂಕೋಚ ಇಲ್ಲ. ಉಳಿ ಹಿಡಿದವರ ಕೈಗೆ ನಮಸ್ಕಾರ.

ಆದರೆ ಇಪ್ಪತ್ತು ವರ್ಷದಿಂದ ಕಚೇರಿಯಲ್ಲಿ ಬಿಲ್ಲು, ವೋಚರ್ ನೋಡ್ತಾ ಬಂದವನಿಗೆ ಒಂದು ಚಾಳಿ ಅಂಟಿಕೊಂಡಿರುತ್ತೆ. ಯಾವ ಕಟ್ಟಡ ನೋಡಿದ್ರೂ ಮೊದಲು ಬರುವ ಪ್ರಶ್ನೆ: ಇದಕ್ಕೆ ದುಡ್ಡು ಯಾವ ಲೆಕ್ಕಶೀರ್ಷಿಕೆಯಿಂದ ಬಂತು?

ಉತ್ತರ ಚರಿತ್ರೆಯಲ್ಲಿ ಸ್ಪಷ್ಟವಾಗಿದೆ. ರೊಟ್ಟಿಯಿಂದ ಬಂತು.

ಇನೊಸೆಂಟ್ ಪೋಪ್ ಆಗಿದ್ದು 1644ರಲ್ಲಿ. ಪಾಂಫಿಲಿ ಅವರ ಮನೆತನದ ಹೆಸರು. ಆ ಮನೆತನದ ವಾಸ ಇದೇ ಚೌಕದಲ್ಲಿ. ಪೋಪ್ ಆದ ಕೂಡಲೇ ಹಳೇ ಮನೆಯನ್ನು ಅರಮನೆಯಾಗಿ ಬೆಳೆಸಿದರು, ಈಗ ಅದರಲ್ಲಿ ಬ್ರೆಜಿಲ್ ದೇಶದ ರಾಯಭಾರ ಕಚೇರಿ ಇದೆ. ಅರಮನೆ ಆಯ್ತು, ಅದರ ಮುಂದೆ ಕಾರಂಜಿ ಆಗಬೇಕು. ಕಲ್ಲುಕಂಬದ ತುದಿಗೆ ಒಂದು ಪಾರಿವಾಳ ಕೂರಿಸಿದ್ದಾರೆ, ಅದು ಪಾಂಫಿಲಿ ಮನೆತನದ ಲಾಂಛನ. ಊರಿನ ಚೌಕ ಒಂದು ಮನೆತನದ ಅಂಗಳ ಆಗಿದ್ದು ಹೀಗೆ.

ಆ ಕಂಬದ ಕಥೆಯೂ ಅಷ್ಟೇ. ಕಲ್ಲು ಈಜಿಪ್ಟಿನದು. ಅದರ ಮೇಲಿರುವ ಈಜಿಪ್ಟಿನ ಚಿತ್ರಲಿಪಿಯಲ್ಲಿ ಕೆತ್ತಿಸಿರೋದು ಮಾತ್ರ ರೋಮಿನ ಚಕ್ರವರ್ತಿ ಡೊಮಿಷಿಯನ್‌ನ ಹೊಗಳಿಕೆ. ಮುಂದೆ ಇನ್ನೊಬ್ಬ ಚಕ್ರವರ್ತಿ ಮ್ಯಾಕ್ಸೆಂಟಿಯಸ್ ಅದನ್ನು ಊರಾಚೆಯ ತನ್ನ ರಥೋತ್ಸವದ ಮೈದಾನಕ್ಕೆ ಸಾಗಿಸಿದ. ಅಲ್ಲಿ ಮುರಿದು ತುಂಡಾಗಿ ಶತಮಾನಗಟ್ಟಲೆ ಬಿದ್ದಿತ್ತು. ಪೋಪ್ ಆ ತುಂಡುಗಳನ್ನು ತರಿಸಿ ಜೋಡಿಸಿ, ತುದಿಗೆ ತಮ್ಮ ಮನೆಯ ಹಕ್ಕಿ ಕೂರಿಸಿದರು. ಒಬ್ಬ ದೊರೆಯ ಬಡಾಯಿಯ ಮೇಲೆ ಇನ್ನೊಬ್ಬ ದೊರೆಯ ಬಡಾಯಿ. ಎತ್ತಿ ಸಾಗಿಸಿದವರ ಹೆಸರು ಯಾವ ಮುಖದಲ್ಲೂ ಇಲ್ಲ.

ಈಗ ರೊಟ್ಟಿ ವಿಷಯಕ್ಕೆ ಬರೋಣ. 1646ರಿಂದ 1648ರವರೆಗೆ ರೋಮ್ ಸುತ್ತಮುತ್ತ ಬೆಳೆ ಕೈಕೊಟ್ಟಿತ್ತು, ಬರ ಬಿದ್ದಿತ್ತು. ಆಗ ರೋಮಿನಲ್ಲಿ ಬಡವರ ರೊಟ್ಟಿಗೆ ಒಂದು ವ್ಯವಸ್ಥೆ ಇತ್ತು. ರೊಟ್ಟಿಯ ಬೆಲೆ ಏರಿಸೋ ಹಾಗಿಲ್ಲ, ಚಿಲ್ಲರೆ ಕಾಸಿಗೆ ಒಂದು ರೊಟ್ಟಿ. ಕಾಳಿನ ಬೆಲೆ ಏರಿದಾಗ ಏನು ಮಾಡ್ತಿದ್ರು ಗೊತ್ತಾ? ರೊಟ್ಟಿಯ ತೂಕ ಇಳಿಸ್ತಿದ್ರು. ಕಾಸು ಅದೇ, ರೊಟ್ಟಿ ಚಿಕ್ಕದು. ಬಿಸ್ಕತ್ತಿನ ಪೊಟ್ಟಣ ಅದೇ ಐದು ರೂಪಾಯಿ, ಒಳಗಿನ ಬಿಸ್ಕತ್ತು ಮಾತ್ರ ಕಮ್ಮಿ ಆಗೋದನ್ನ ನಾವೂ ನೋಡಿದ್ದೀವಿ. ಇಂಥ ಹೊತ್ತಲ್ಲೇ ಪೋಪ್ ಸರ್ಕಾರ ಜನರ ಮೇಲೆ ತೆರಿಗೆ ಹಾಕಿ ಕಾರಂಜಿಗೆ ದುಡ್ಡು ಹೊಂದಿಸಿತು. ರೊಟ್ಟಿಯ ಮೇಲೂ ತೆರಿಗೆ ಬಿತ್ತು.

ಜನ ಸುಮ್ಮನೆ ಇರಲಿಲ್ಲ. 1648ರ ಸೆಪ್ಟೆಂಬರ್‌ನಲ್ಲಿ, ಕಂಬದ ಕಲ್ಲುಗಳು ಚೌಕಕ್ಕೆ ಬಂದು ಬಿದ್ದಿದ್ದಾಗ, ಯಾರೋ ರಾತ್ರೋರಾತ್ರಿ ಅವುಗಳ ಮೇಲೆ ಕೈಬರಹದ ಚೀಟಿ ಅಂಟಿಸಿದರು. ನಮಗೆ ಕಂಬವೂ ಬೇಡ, ಕಾರಂಜಿಯೂ ಬೇಡ, ರೊಟ್ಟಿ ಬೇಕು ಅನ್ನೋದು ಅದರ ಸಾರ. ಪೋಪ್ ಏನು ಮಾಡಿದ್ರು? ಬರೆದವರನ್ನು ಹಿಡಿಸಿ ಹಾಕಿದ್ರು. ಚೌಕದಲ್ಲಿ ಮಾರುವೇಷದ ಗೂಢಚಾರರನ್ನು ಬಿಟ್ರು.

ಪೋಪ್ ಹೆದರಿದ್ದಕ್ಕೆ ಕಾರಣ ಇತ್ತು. ಹಿಂದಿನ ವರ್ಷ, 1647ರ ಜುಲೈನಲ್ಲಿ, ಪಕ್ಕದ ನೇಪಲ್ಸ್‌ನಲ್ಲಿ ಹಣ್ಣಿನ ಮೇಲೆ ತೆರಿಗೆ ಹಾಕಿದ್ದಕ್ಕೆ ಊರಿಗೆ ಊರೇ ಎದ್ದಿತ್ತು. ಮುಂದಾಳು ಮಸಾನಿಯೆಲ್ಲೊ ಎಂಬ ಮೀನು ಮಾರುವ ಹುಡುಗ. 1648ರ ಜುಲೈನಲ್ಲಿ ಪೋಪ್ ಆಳ್ವಿಕೆಯೊಳಗೇ ಇದ್ದ ಫೆರ್ಮೊ ಪಟ್ಟಣದಲ್ಲಿ, ಇಲ್ಲಿನ ಕಾಳನ್ನು ಹೊರಗೆ ಸಾಗಿಸ್ತಾರೆ ಅಂತ ಜನ ದಂಗೆಯೆದ್ದು ಅಧಿಕಾರಿಯನ್ನೇ ಕೊಂದಿದ್ದರು. ಅಂಥ ಕಾಲದಲ್ಲಿ ಒಂದು ಚೀಟಿಯೂ ಬೆಂಕಿಕಡ್ಡಿಯೇ.

ರೋಮಿನವರಿಗೆ ಈ ಚೀಟಿ ಅಂಟಿಸುವ ಅಭ್ಯಾಸ ಮೊದಲಿಂದ ಇತ್ತು. ಕಾರಂಜಿಯಿಂದ ಎರಡು ನಿಮಿಷ ನಡೆದರೆ ಒಂದು ಸಂದಿಯಲ್ಲಿ ಪಾಸ್ಕ್ವಿನೊ ಅನ್ನೋ ಮೊಂಡು ಮೂರ್ತಿ ಇದೆ. ಕೈಯಿಲ್ಲ, ಕಾಲಿಲ್ಲ, ಮೂಗು ಸವೆದಿದೆ. 1501ರಲ್ಲಿ ಒಬ್ಬ ಕಾರ್ಡಿನಲ್ ಅದನ್ನು ಅಲ್ಲಿ ನಿಲ್ಲಿಸಿದ. ಆವತ್ತಿನಿಂದ ಜನ ರಾತ್ರಿ ಬಂದು ಅಧಿಕಾರದಲ್ಲಿದ್ದವರನ್ನು ಲೇವಡಿ ಮಾಡಿದ ಬರಹಗಳನ್ನು ಅಂಟಿಸಿ ಹೋಗ್ತಿದ್ರು. ಬರೆದವರ ಹೆಸರಿಲ್ಲ, ಮಾತಾಡಿದ್ದು ಮೂರ್ತಿ. ನಾನು ಹೋದಾಗಲೂ ಅದರ ಬುಡದಲ್ಲಿ ಹೊಸ ಕಾಗದಗಳಿದ್ದವು. ಅಕ್ಕನ ಮಗಳು ಒಂದೆರಡನ್ನು ಓದಿ ಹೇಳಿದಳು, ಬಾಡಿಗೆ ಏರಿದ್ದರ ಬಗ್ಗೆ ಒಂದು, ಮಂತ್ರಿಯೊಬ್ಬರ ಬಗ್ಗೆ ಇನ್ನೊಂದು. "ಮಾವ, ಇದು ನಿಮ್ಮ ಫೇಸ್‌ಬುಕ್ ವಾಲ್ ಇದ್ದ ಹಾಗೆ" ಅಂದಳು. ನಕ್ಕೆ. ಒಂದು ವ್ಯತ್ಯಾಸ ಅಂದ್ರೆ ನಾವು ಹೆಸರು ಹಾಕಿ ಬರೀತೀವಿ.

1651ಕ್ಕೆ ಕಾರಂಜಿ ಸಿದ್ಧ ಆಯ್ತು. ಪೋಪ್ ನೋಡೋಕೆ ಬಂದಾಗ ಬರ್ನಿನಿ ಒಂದು ಆಟ ಆಡಿದನಂತೆ. ನೀರು ಬಿಡೋದು ಇನ್ನೂ ತಯಾರಾಗಿಲ್ಲ ಅಂದ. ಪೋಪ್ ಬೇಸರದಲ್ಲಿ ವಾಪಸ್ ಹೊರಟ ಹೊತ್ತಿಗೆ ಸನ್ನೆ ಮಾಡಿ ನೀರು ಬಿಡಿಸಿದ. ಭೋರ್ ಅಂತ ನೀರು ಬಂದಾಗ ಪೋಪ್ ಹಿಗ್ಗಿ, ನನ್ನ ಆಯಸ್ಸು ಹತ್ತು ವರ್ಷ ಹೆಚ್ಚಾಯ್ತು ಅಂದರು ಎಂದು ಬರ್ನಿನಿಯ ಜೀವನಚರಿತ್ರೆ ಬರೆದವರು ಹೇಳ್ತಾರೆ. ಹತ್ತು ವರ್ಷ ಸಿಗಲಿಲ್ಲ, 1655ರ ಜನವರಿಯಲ್ಲಿ ತೀರಿಕೊಂಡರು.

ಕಾರಂಜಿ ಚಂದ ಆಯ್ತು, ಇನ್ನು ಚೌಕ ಚಂದ ಕಾಣಬೇಕು. ಇಲ್ಲಿಂದ ಕಥೆ ನಮಗೆ ಹತ್ತಿರ ಬರುತ್ತೆ.

ಪಿಯಾತ್ಸ ನವೋನದಲ್ಲಿ ಹದಿನೈದನೇ ಶತಮಾನದಿಂದ ಸಂತೆ ನಡೀತಿತ್ತು. ಬುಧವಾರದ ಸಂತೆ ದೊಡ್ಡದು. ಅರಮನೆಯ ಮುಂದೆ ಈ ಗದ್ದಲ ಕಣ್ಣಿಗೆ ಚುಚ್ಚುತ್ತೆ ಅಂತ ಪೋಪ್ ವ್ಯಾಪಾರಿಗಳಿಗೆ ಜಾಗ ಖಾಲಿ ಮಾಡಲು ಹೇಳಿದರು. ಅವರು ಕದಲಲಿಲ್ಲ. ಪೊಲೀಸರು ಬಂದು ಅಟ್ಟಿದರು. ಬುಟ್ಟಿ ಒದ್ದು ಗಾಡಿ ಎತ್ತಿಸುವ 'ನಗರ ಸೌಂದರ್ಯೀಕರಣ' ನಮ್ಮ ಪುರಸಭೆಗಳು ಕಂಡುಹಿಡಿದದ್ದಲ್ಲ ಅಂತಾಯ್ತು.

ಇದರಲ್ಲಿ ಹೆಚ್ಚು ಪೆಟ್ಟು ತಿಂದವರು ರೋಮಿನ ಯೆಹೂದಿಗಳು. ಬುಧವಾರದ ಸಂತೆಯಲ್ಲಿ ಅವರು ಹಳೇ ಬಟ್ಟೆ ಮಾರ್ತಿದ್ರು. ಹಳೇ ಬಟ್ಟೆಯೇ ಯಾಕೆ? ಕಾನೂನು ಹಾಗಿತ್ತು. 1555ರ ಜುಲೈ 14ರಂದು ಪೋಪ್ ನಾಲ್ಕನೇ ಪೌಲ್ ಒಂದು ಆಜ್ಞೆ ಹೊರಡಿಸಿದ್ದರು. ಯೆಹೂದಿಗಳು ಟೈಬರ್ ನದಿ ಪಕ್ಕದ ಒಂದು ಗೋಡೆಯೊಳಗೇ ಇರಬೇಕು. ರಾತ್ರಿ ಬಾಗಿಲಿಗೆ ಬೀಗ. ಗಂಡಸರು ಹಳದಿ ಟೋಪಿ ಹಾಕಬೇಕು, ಹೆಂಗಸರಿಗೂ ಹಳದಿ ಗುರುತು. ಮನೆ ಜಮೀನು ಕೊಳ್ಳುವಂತಿಲ್ಲ. ಹೊಸ ವಸ್ತುವಿನ ವ್ಯಾಪಾರ ಇಲ್ಲ, ಚಿಂದಿ ಮತ್ತು ಹಳೇ ಬಟ್ಟೆ ಮಾತ್ರ. ತಮ್ಮನ್ನು ಕೂಡಿಹಾಕುವ ಗೋಡೆಯ ಖರ್ಚನ್ನೂ ಅವರ ತಲೆ ಮೇಲೇ ಹಾಕಿದರು. ಆ ಗೋಡೆಯೊಳಗಿನ ಕೇರಿಗೆ ಘೆಟ್ಟೊ ಅಂತ ಹೆಸರು. ನದಿ ಉಕ್ಕಿದಾಗಲೆಲ್ಲ ಮೊದಲು ಮುಳುಗ್ತಿದ್ದ ತಗ್ಗು ಜಾಗ ಅದು.

ಬಾಬಾಸಾಹೇಬರು 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ನಮ್ಮ ಕೇರಿಗಳಿಗೆ ಇದೇ ಘೆಟ್ಟೊ ಪದ ಬಳಸಿದ್ದಾರೆ. ಪದ ಓದಿದ್ದೆ, ಜಾಗ ನೋಡಿರಲಿಲ್ಲ. ಕಾರಂಜಿಯಿಂದ ದಕ್ಷಿಣಕ್ಕೆ ಕಾಲು ಗಂಟೆ ನಡೆದರೆ ಸಿಗುತ್ತೆ. ನಡೆದು ಹೋದ್ವಿ.

ಈಗ ಅಲ್ಲಿ ಗೋಡೆ ಇಲ್ಲ. ದೊಡ್ಡ ಸಿನಗಾಗ್ ಇದೆ, ಊಟದ ಹೋಟೆಲುಗಳಿವೆ. ನೆಲದಲ್ಲಿ ಅಲ್ಲಲ್ಲಿ ಅಂಗೈಯಗಲದ ಹಿತ್ತಾಳೆ ಫಲಕಗಳು, ನಾಜಿಗಳು ಹಿಡಿದೊಯ್ದವರ ಹೆಸರು ಅವುಗಳ ಮೇಲಿವೆ. 1943ರ ಅಕ್ಟೋಬರ್ 16ರ ಬೆಳಿಗ್ಗೆ ಶುರುವಾದ ದಾಳಿಯಲ್ಲಿ ಹಿಡಿದು ಸಾವಿರಕ್ಕೂ ಹೆಚ್ಚು ಜನರನ್ನು ಆಶ್ವಿಟ್ಜ್‌ಗೆ ಸಾಗಿಸಿದರು. ಬದುಕಿ ಬಂದವರು 16 ಮಂದಿ.

ಹಳೇ ಘೆಟ್ಟೊದ ಅಂಚಿಗೆ ಇನ್ನೊಂದು ಕಾರಂಜಿ ಇದೆ, ಆಮೆಗಳ ಕಾರಂಜಿ. ನಾಲ್ಕು ನದಿಗಳ ಕಾರಂಜಿಗಿಂತ ಹಳೆಯದು, 1580ರ ದಶಕದ್ದು. ಚಿಕ್ಕದು, ಮುದ್ದಾಗಿದೆ. ಘೆಟ್ಟೊ ಕಟ್ಟಿದಾಗ ಒಳಗೆ ಒಳ್ಳೇ ಕುಡಿಯುವ ನೀರಿರಲಿಲ್ಲ. ಹೊಸ ಕಾಲುವೆ ನೀರು ಊರಿಗೆ ಬಂದಾಗ ಈ ಕಾರಂಜಿಯನ್ನು ಯೆಹೂದಿಗಳ ಸಂತೆ ನಡೆಯುವ ಚೌಕದಲ್ಲಿ ಮಾಡಬೇಕು ಅಂತ ಯೋಜನೆಯಾಗಿತ್ತು. ಆದರೆ ಮುತ್ಸಿಯೊ ಮತ್ತೇಯಿ ಎಂಬ ಸಿರಿವಂತ ಪ್ರಭಾವ ಬೀರಿ ಅದನ್ನು ತನ್ನ ಮನೆ ಮುಂದಕ್ಕೆ ತಿರುಗಿಸಿಕೊಂಡ. ಚೌಕಕ್ಕೆ ಕಲ್ಲು ಹಾಸಿಸ್ತೀನಿ, ಕಾರಂಜಿ ನೋಡಿಕೊಳ್ತೀನಿ ಅಂತ ಒಪ್ಪಿಕೊಂಡ, ಕೆಲಸ ಆಯ್ತು. ಘೆಟ್ಟೊದವರಿಗೆ ನೀರು ಬಂತು, ಆದರೆ ತಡವಾಗಿ, ಬೇರೆ ಕಾರಂಜಿಯಿಂದ. ಕೇರಿಗೆ ಅಂತ ಮಂಜೂರಾದ ಬೋರ್‌ವೆಲ್ ಯಾರ ಮನೆ ಹಿತ್ತಲಲ್ಲಿ ಕೊರೆಯುತ್ತೆ ಅಂತ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಯೆಹೂದಿ ಧರ್ಮ ಬಿಟ್ಟು ಕ್ರೈಸ್ತನಾದರೆ ಆತನಿಗೆ ಘೆಟ್ಟೊ ಬಾಗಿಲು ತೆಗೀತಿತ್ತು. ಅದಕ್ಕೇ ಅವರನ್ನು ಬಲವಂತವಾಗಿ ಪ್ರವಚನಕ್ಕೆ ಕೂರಿಸ್ತಿದ್ರು. ನಮ್ಮ ಕೇರಿಗೆ ಅಂಥ ಬಾಗಿಲೂ ಇರಲಿಲ್ಲ, ಧರ್ಮ ಬದಲಾದರೂ ಜಾತಿ ಹಿಂದೆಯೇ ಬರುತ್ತೆ. ಆದರೆ ಚಿಂದಿ ಬಟ್ಟೆ, ಊರಾಚೆಯ ತಗ್ಗು, ನೀರಿಗೆ ಕಾಯುವುದು, ಇವಿಷ್ಟು ಸಾಕು ಗುರುತು ಹಿಡಿಯೋಕೆ.

ಈಗ ಮತ್ತೆ ಆ ನಾಲ್ಕು ಗಂಡಸರ ಹತ್ತಿರ ಬರೋಣ. ಆಗ ಯುರೋಪಿಗೆ ಗೊತ್ತಿದ್ದ ನಾಲ್ಕು ಖಂಡಕ್ಕೆ ನಾಲ್ಕು ನದಿ. ಯುರೋಪಿಗೆ ಡ್ಯಾನ್ಯೂಬ್, ಆಫ್ರಿಕಾಗೆ ನೈಲ್, ಏಷ್ಯಾಗೆ ಗಂಗೆ, ಅಮೆರಿಕಾಗೆ ಪ್ಲಾತಾ. ನಾಲ್ಕರ ತಲೆ ಮೇಲೆ ಪೋಪ್ ಮನೆತನದ ಹಕ್ಕಿ. ಲೋಕವೆಲ್ಲ ನಮ್ಮ ಕೆಳಗೆ ಅಂತ ಅರ್ಥ. ಡ್ಯಾನ್ಯೂಬ್ ಮಾತ್ರ ಕೈಚಾಚಿ ಪೋಪ್ ಲಾಂಛನವನ್ನು ಮುಟ್ಟುತ್ತಿದ್ದಾನೆ, ಅವನು ಮನೆಯವನು. ನೈಲ್ ಮುಖಕ್ಕೆ ಬಟ್ಟೆ ಮುಚ್ಚಿಕೊಂಡಿದ್ದಾನೆ, ಆ ನದಿಯ ಮೂಲ ಅವರಿಗೆ ಆಗ ಗೊತ್ತಿರಲಿಲ್ಲ.

ಅಲ್ಲಿನ ಗೈಡುಗಳು ಬೇರೆ ಕಥೆ ಹೇಳ್ತಾರೆ. ಎದುರಿನ ಚರ್ಚು ಬರ್ನಿನಿಯ ಎದುರಾಳಿ ಬೊರ್ರೊಮಿನಿ ಕಟ್ಟಿದ್ದು, ಅದನ್ನು ನೋಡಲಾರದೆ ನೈಲ್ ಮುಖ ಮುಚ್ಚಿಕೊಂಡಿದ್ದಾನೆ, ಪ್ಲಾತಾ ಅದು ಬೀಳುತ್ತೆ ಅಂತ ಕೈ ಎತ್ತಿದ್ದಾನೆ ಅಂತ. ಜನ ನಗ್ತಾರೆ. ಆದರೆ ಆ ಚರ್ಚಿನ ಕೆಲಸ ಶುರುವಾಗಿದ್ದೇ 1652ರಲ್ಲಿ, ಕಾರಂಜಿ ಮುಗಿದ ಮರುವರ್ಷ. ಇಬ್ಬರು ಕಲಾವಿದರ ಜಗಳದ ಸುಳ್ಳು ಕಥೆ ಎಲ್ಲರ ಬಾಯಲ್ಲಿ ಉಳಿದಿದೆ. ರೊಟ್ಟಿಯ ನಿಜ ಕಥೆಯನ್ನು ನಮ್ಮ ಪಕ್ಕದಲ್ಲಿದ್ದ ಗೈಡು ಎತ್ತಲೇ ಇಲ್ಲ.

ಪ್ಲಾತಾನ ಪಕ್ಕ ನಾಣ್ಯಗಳ ರಾಶಿ ಇದೆ. ಅವರ ಭಾಷೆಯಲ್ಲಿ ಪ್ಲಾತಾ ಅಂದ್ರೆ ಬೆಳ್ಳಿ. ದಕ್ಷಿಣ ಅಮೆರಿಕದ ಪೊಟೊಸಿ ಬೆಟ್ಟದಲ್ಲಿ 1545ರಲ್ಲಿ ಬೆಳ್ಳಿ ಸಿಕ್ಕಿತು. ಅದನ್ನು ಅಗೆಯಲು ಸ್ಪೇನಿನವರು ಅಲ್ಲಿನ ಮೂಲನಿವಾಸಿಗಳನ್ನು 'ಮಿತಾ' ಎಂಬ ಬಿಟ್ಟಿಚಾಕರಿ ಪದ್ಧತಿಯಲ್ಲಿ ಸರದಿ ಪ್ರಕಾರ ಎಳೆದು ತರ್ತಿದ್ರು. ಗಣಿಗೆ ಇಳಿದ ಎಷ್ಟೋ ಜನ ಹಿಂದಿರುಗಲಿಲ್ಲ. ಶಿಲ್ಪದಲ್ಲಿ ನಾಣ್ಯ ಕಾಣುತ್ತೆ, ಅಗೆದವರು ಕಾಣಲ್ಲ.

ಇನ್ನು ನಮ್ಮ ಗಂಗೆ. ಮೂರ್ತಿ ಕೆತ್ತಿದವನು ಕ್ಲಾಡ್ ಪೂಸಾಂ. ರೋಮನರ ಹಳೇ ಸಂಪ್ರದಾಯದಲ್ಲಿ ನದಿ ಅಂದ್ರೆ ಗಡ್ಡದ ಗಂಡಸು, ಹಾಗಾಗಿ ಗಂಗೆಯೂ ಗಂಡಸಾದ. ನಮ್ಮ ಕಡೆ ಗಂಗೆ ಅಂದ್ರೆ ಮೊಸಳೆ ಮೇಲೆ ನಿಂತ, ಕಳಶ ಹಿಡಿದ ದೇವಿ. ಆ ಕಳಶದ ನೀರು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಅಂತ ಶಾಸ್ತ್ರ ಬರೆದವರು ಬೇರೆ. ರೋಮಿನವರಿಗೆ ಆ ಶಾಸ್ತ್ರ ಬೇಕಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ: ಇದು ಬಹುದೂರ ದೋಣಿ ನಡೆಸಬಹುದಾದ ದೊಡ್ಡ ನದಿ. ಅದಕ್ಕೇ ಕೈಗೆ ಹುಟ್ಟು ಕೊಟ್ಟರು.

ನಾನು ಆ ಹುಟ್ಟನ್ನೇ ಬಹಳ ಹೊತ್ತು ನೋಡ್ತಾ ನಿಂತೆ. ಗಂಗೆಯಲ್ಲಿ ಹುಟ್ಟು ಹಾಕುವವರು ಯಾರು? ನಿಷಾದರು, ಕೇವಟರು, ಮಲ್ಲಾಹರು. ಊರವರ ಪಾಪ ತೊಳೆಯಲು, ಬೂದಿ ಬಿಡಲು ದೋಣಿ ನಡೆಸಿದವರು. ನಮ್ಮಲ್ಲಿ ಆದರೆ ಅಂಬಿಗರು. ಹನ್ನೆರಡನೇ ಶತಮಾನದಲ್ಲೇ ಜಾತಿಯ ಡೋಂಗಿಯನ್ನು ಬೈದ ಅಂಬಿಗರ ಚೌಡಯ್ಯನ ಜನ. ನಮ್ಮ ಯಾವ ದೇವಸ್ಥಾನದ ಗಂಗೆಯ ಕೈಯಲ್ಲೂ ನಾನು ಹುಟ್ಟು ಕಂಡಿಲ್ಲ. ಎಲ್ಲೋ ಇರುವ ರೋಮಿನಲ್ಲಿ, ತಮಗೇ ಗೊತ್ತಿಲ್ಲದೆ, ಗಂಗೆಗೆ ದುಡಿಯುವವರ ಸಾಮಾನು ಕೊಟ್ಟುಬಿಟ್ಟಿದ್ದಾರೆ. ಕನ್ನಡದಲ್ಲಿ ಹುಟ್ಟು ಅಂದ್ರೆ ಜನ್ಮವೂ ಹೌದು. ಒಂದು ಹುಟ್ಟು ಮೇಲು ಕೀಳು ಮಾಡಿತು, ಇನ್ನೊಂದು ಎಲ್ಲರನ್ನೂ ದಡ ಮುಟ್ಟಿಸಿತು. ಶಾಸ್ತ್ರದವರು ಮೊದಲನೆಯದನ್ನು ಮಾತ್ರ ಲೆಕ್ಕಕ್ಕೆ ಹಿಡಿದರು.

ಕೊನೆಗೆ ನೀರಿನ ಮಾತು. ಈ ಕಾರಂಜಿಗೆ ಬಂದ ನೀರು ಅಕ್ವ ವೆರ್ಜಿನೆ ಎಂಬ ಕಾಲುವೆಯದು. ಕ್ರಿ.ಪೂ. 19ರಲ್ಲಿ ಅಗ್ರಿಪ್ಪ ಕಟ್ಟಿಸಿದ ಕಾಲುವೆಯನ್ನೇ ಮುಂದೆ ಪೋಪ್‌ಗಳು ದುರಸ್ತಿ ಮಾಡಿಸಿದರು. 1652ರಿಂದ ಆಗಸ್ಟ್ ತಿಂಗಳ ವಾರಾಂತ್ಯಗಳಲ್ಲಿ ಕಾರಂಜಿಯ ತೂಬು ಮುಚ್ಚಿ, ಚೌಕದ ತುಂಬ ನೀರು ನಿಲ್ಲಿಸಿ, ಶ್ರೀಮಂತರು ಅದರಲ್ಲಿ ಸಾರೋಟು ಓಡಿಸಿ ಮಜಾ ಮಾಡ್ತಿದ್ರು. 1866ರವರೆಗೂ ಇದು ನಡೀತು. 1870ರಲ್ಲಿ ರೋಮಿನಲ್ಲಿ ಪೋಪ್ ಆಳ್ವಿಕೆ ಮುಗಿದು ಯೆಹೂದಿಗಳಿಗೆ ಸಮಾನ ಹಕ್ಕು ಸಿಕ್ಕಿತು. 1874ರಲ್ಲಿ ನಗರಸಭೆ ಬೀದಿ ಬೀದಿಗೆ ಕಬ್ಬಿಣದ ನಲ್ಲಿಕಂಬ ಹಾಕಲು ಶುರು ಮಾಡಿತು. ಬಾಗಿದ ಕೊಳವೆ ಮೂಗಿನ ಹಾಗಿದೆ ಅಂತ ಜನ ಅದಕ್ಕೆ 'ನಸೋನೆ', ದೊಡ್ಡ ಮೂಗು, ಅಂತಾರೆ. ಈಗ ಊರಲ್ಲಿ ಸುಮಾರು 2,500 ಇವೆ. ದಿನವಿಡೀ ತಣ್ಣನೆ ನೀರು, ಯಾರು ಬೇಕಾದರೂ ಬಾಯಿಟ್ಟು ಕುಡೀಬಹುದು. ಬರ್ನಿನಿಯ ಕಾರಂಜಿ ನೋಡೋಕೆ ಜನ ಸಾಲುಗಟ್ಟಿ ಬರ್ತಾರೆ, ಆ ಮೂಗಿನ ಫೋಟೋ ಯಾರೂ ತೆಗೆಯಲ್ಲ. ನಾನು ತೆಗೆದಿದ್ದೇನೆ.

ಅಲ್ಲಿ ಬೊಗಸೆಯೊಡ್ಡಿ ಕುಡಿಯುವಾಗ ನನ್ನ ಕುಲ ಯಾರೂ ಕೇಳಲಿಲ್ಲ. 1923ರಲ್ಲೇ ಬಾಂಬೆ ಶಾಸನಸಭೆ ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಮುಕ್ತ ಅಂತ ನಿರ್ಣಯ ಮಾಡಿದ್ದರೂ, ಮಹಾಡದ ಚವದಾರ್ ಕೆರೆಯಲ್ಲಿ ಒಂದು ಬೊಗಸೆ ನೀರಿಗೆ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಸಾವಿರಾರು ಜನರೊಂದಿಗೆ ನಡೆದು ಹೋಗಬೇಕಾಯ್ತು. ನೀರು ಕುಡಿದು ಬಂದವರ ಮೇಲೆ ಹಲ್ಲೆ ಆಯ್ತು. ಹೈಕೋರ್ಟಿನಲ್ಲಿ ಗೆಲುವು ಸಿಕ್ಕಿದ್ದು 1937ರಲ್ಲಿ. ಕಾಗದದ ಮೇಲಿನ ನೀರು ಗಂಟಲಿಗೆ ಇಳಿಯೋಕೆ ಅಷ್ಟು ವರ್ಷ ಬೇಕಾಯ್ತು.

ಒಂದು ಕೆಲಸ ಕೇಳ್ತೀನಿ, ಮಾಡ್ತೀರಾ? 1648ರಲ್ಲಿ ಆ ಚೀಟಿ ಅಂಟಿಸಿದವರ ಹೆಸರು ಅಲ್ಲಿನ ಯಾವ ಫಲಕದಲ್ಲೂ ನನಗೆ ಕಾಣಲಿಲ್ಲ. ಪೋಪ್ ಹೆಸರು ಕಲ್ಲಿನಲ್ಲಿದೆ. ನಮ್ಮೂರ ಸೇದೋ ಬಾವಿ ತೋಡಿದವರಲ್ಲಿ ನಮ್ಮ ತಾತ ಒಬ್ಬರು. ನೀರು ಬಂದ ದಿನ ಪೂಜೆ ಮಾಡಿ ಅವರನ್ನು ದೂರ ನಿಲ್ಲಿಸಿದರು, ಆಮೇಲೆ ಆ ಬಾವಿಯ ಹಗ್ಗ ಅವರು ಮುಟ್ಟಲಿಲ್ಲ. ಅವರ ಜೊತೆ ತೋಡಿದ ಇನ್ನಿಬ್ಬರ ಹೆಸರು ಹೇಳಬಲ್ಲವಳು ಈಗ ನಮ್ಮ ಅವ್ವ ಒಬ್ಬಳೇ. ನಿಮ್ಮೂರಲ್ಲೂ ಬಾವಿ, ಕಟ್ಟೆ, ಕೆರೆ ಇರುತ್ತೆ. ಈ ಭಾನುವಾರ ಮನೆಯ ಹಿರಿಯರ ಪಕ್ಕ ಕೂತು ಕೇಳಿ: ಯಾರು ತೋಡಿದ್ರು, ಯಾರು ಕುಡಿದ್ರು, ಯಾರನ್ನು ದೂರ ನಿಲ್ಲಿಸಿದ್ರು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಹೆಸರುಗಳನ್ನು ಬರೆದಿಡಿ. ಹಿರಿಯರು ಹೋಗ್ತಾ ಇದ್ದಾರೆ, ಮುಂದಕ್ಕೆ ಹಾಕಬೇಡಿ. ಕೆಳಗೆ ಊರಿನ ಹೆಸರಿನ ಜೊತೆ ಬರೀರಿ, ಎಲ್ಲವನ್ನೂ ಒಂದು ಕಡೆ ಸೇರಿಸೋಣ. ನಮ್ಮ ತಾತನ ಜೊತೆಯವರ ಹೆಸರು ಅವ್ವನ ಬಾಯಿಂದಲೇ ರೆಕಾರ್ಡ್ ಮಾಡಿ ನಾನೇ ಮೊದಲು ಹಾಕ್ತೀನಿ.

ಜೈ ಭೀಮ್.